ಬೇರನ್ನು ಮೊದಲು ಸೇರುವವರು

ರಂಜಕವಿದ್ದೂ ಹಸಿದ ಸಸಿ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಸುತ್ತಮುತ್ತ ಟೊಮೆಟೊ ಬೆಳೆಯುವವರಿಗೆ ಈ ನೋಟ ಹೊಸದಲ್ಲ. ನಾಟಿ ಮಾಡಿ ಹತ್ತು ಹನ್ನೆರಡು ದಿನವಾದರೂ ಸಸಿ ಮೇಲೇಳುವುದಿಲ್ಲ. ಎಲೆ ಮಗುಚಿ ನೋಡಿದರೆ ಅಡಿಯ ನರಗಳಲ್ಲಿ ನೇರಳೆ ಬಣ್ಣ ಇಳಿದಿರುತ್ತದೆ, ಕಾಂಡದ ಬುಡದಲ್ಲೂ ಅದೇ ನೇರಳೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ನೆಟ್ಟಿದ್ದರಂತೂ ಇದು ಎದ್ದು ಕಾಣುತ್ತದೆ. ಗಿಡಕ್ಕೆ ರಂಜಕ ಸಾಲದೆ ಹೋದಾಗ ಹೀಗಾಗುತ್ತದೆ ಎಂದು ಗೊಬ್ಬರದ ಅಂಗಡಿಯವರೂ ಹೇಳುತ್ತಾರೆ, ಪಠ್ಯಪುಸ್ತಕವೂ ಹೇಳುತ್ತದೆ. ರಂಜಕದ ಗೊಬ್ಬರವಾದ ಡಿಎಪಿ ಇನ್ನೊಂದು ಮೂಟೆ ಹೊಲಕ್ಕೆ ಬರುತ್ತದೆ. ಆದರೆ ಅದೇ ಹೊಲದ ಮಣ್ಣು ಪರೀಕ್ಷೆಗೆ ಹೋಗಿದ್ದರೆ ವರದಿ ಬೇರೆಯದನ್ನೇ ಹೇಳಬಹುದು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ಲೆಕ್ಕವಿರುತ್ತದೆ. ವರ್ಷಕ್ಕೆ ಎರಡು ಮೂರು ತರಕಾರಿ ಬೆಳೆ ತೆಗೆದು, ಪ್ರತಿ ಬೆಳೆಗೂ ಡಿಎಪಿ ಸುರಿದ ಹೊಲಗಳಲ್ಲಿ ರಂಜಕದ ಎದುರು ‘ಹೆಚ್ಚು’ ಎಂದು ಬರೆದಿರುವುದು ಅಪರೂಪವೇನಲ್ಲ.

ಮಣ್ಣಿನಲ್ಲಿ ರಂಜಕ ಹೆಚ್ಚಿದೆ, ಅದರಲ್ಲೇ ನಿಂತ ಸಸಿ ರಂಜಕಕ್ಕೆ ಹಸಿದಿದೆ. ಎರಡೂ ನಿಜ. ಈ ಒಗಟನ್ನು ಬಿಡಿಸಿಕೊಂಡರೆ, ಈಗ ಅಂಗಡಿ ಅಂಗಡಿಯಲ್ಲೂ ಸಿಗುವ ಬ್ಯಾಕ್ಟೀರಿಯಾ ಪುಡಿ, ಬ್ಯಾಕ್ಟೀರಿಯಾ ದ್ರಾವಣಗಳು ನಿಜವಾಗಿ ಮಾಡುವ ಕೆಲಸ ಯಾವುದು, ಯಾವಾಗ ಮಾಡುತ್ತವೆ, ಯಾವಾಗ ಹಾಕಿದ ದುಡ್ಡು ದಂಡ ಎಂಬುದೂ ತಿಳಿಯುತ್ತದೆ. ಈ ಅಧ್ಯಾಯದ ವಾದ ಇಷ್ಟು: ಈ ಅಣುಜೀವಿಗಳಿಂದ ತರಕಾರಿ ಬೆಳೆಗೆ ಸಿಗುವ ಲಾಭದ ಬಹುಪಾಲು ಅವು ತಯಾರಿಸುವ ಗೊಬ್ಬರದಿಂದ ಬರುವುದಲ್ಲ. ಅವು ಬೇರಿನ ಬೆಳವಣಿಗೆಯನ್ನೇ ಬದಲಿಸುವುದರಿಂದ ಬರುತ್ತದೆ. ಬೇರು ಬದಲಾಗಬೇಕಾದರೆ ಅವು ಬೇರು ಎಳೆಯದಾಗಿರುವಾಗಲೇ ಅದನ್ನು ಸೇರಿಕೊಂಡಿರಬೇಕು.

ಒಂದೆರಡು ಮಿಲಿಮೀಟರಿನ ಬರ

ಯೂರಿಯಾದಿಂದ ಬರುವ ನೈಟ್ರೇಟ್ ನೀರಿನ ಜೊತೆ ಓಡಾಡುತ್ತದೆ. ಗಿಡ ನೀರು ಎಳೆದುಕೊಂಡರೆ ಅದೂ ಬೇರಿನ ಕಡೆಗೆ ಬರುತ್ತದೆ, ಮಳೆ ಜೋರಾದರೆ ಕೆಳಗೆ ಬಸಿದು ಹೋಗುತ್ತದೆ. ರಂಜಕದ ಸ್ವಭಾವ ಇದಕ್ಕೆ ತದ್ವಿರುದ್ಧ. ನಮ್ಮ ಕೆಮ್ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಆ ಕಬ್ಬಿಣವೂ ಜೊತೆಗಿರುವ ಅಲ್ಯೂಮಿನಿಯಂ ಕೂಡ ಹಾಕಿದ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆಳದ ಬೋರ್‌ವೆಲ್‌ನ ಗಡಸು ನೀರು ವರ್ಷಗಟ್ಟಲೆ ಹರಿದು ಮಣ್ಣು ಕ್ಷಾರಕ್ಕೆ ತಿರುಗಿದ ಕಡೆ ಅದೇ ಕೆಲಸವನ್ನು ಸುಣ್ಣದಂಶ ಮಾಡುತ್ತದೆ. ಹಾಗಾಗಿ ಒಂದು ಬೆಳೆಗೆ ಹಾಕಿದ ರಂಜಕದಲ್ಲಿ ಐದನೇ ಒಂದು ಭಾಗದಷ್ಟು ಆ ಬೆಳೆಗೆ ದಕ್ಕಿದರೆ ಅದೇ ಹೆಚ್ಚು. ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ, ಬಿದ್ದ ಜಾಗದಲ್ಲೇ ಅಂಟಿಕೊಂಡಿರುತ್ತದೆ. ನಮ್ಮ ದೇಶ ರಂಜಕದ ಗೊಬ್ಬರಕ್ಕಾಗಿ ಬಹುಮಟ್ಟಿಗೆ ಆಮದನ್ನೇ ನಂಬಿಕೊಂಡಿರುವಾಗ, ಹೊರದೇಶದಿಂದ ತಂದದ್ದನ್ನು ಹೀಗೆ ಹೊಲದಲ್ಲಿ ಹೂತಿಡುತ್ತಿದ್ದೇವೆ ಎಂಬುದು ಸಣ್ಣ ಮಾತಲ್ಲ.

ರಂಜಕ ಬೇರಿನ ಬಳಿ ಬಾರದ ಮೇಲೆ ಬೇರು ತಾನೇ ರಂಜಕದ ಬಳಿ ಹೋಗಬೇಕು. ಎಳೆಯ ಬೇರಿನ ತುದಿಗೆ ಸ್ವಲ್ಪ ಹಿಂದೆ, ಬರಿಗಣ್ಣಿಗೆ ಬೂಷ್ಟಿನಂತೆ ಕಾಣುವ ಬಿಳಿ ಬೇರುಗೂದಲುಗಳಿರುತ್ತವೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಉದ್ದವಿರುವುದು ಕಡಿಮೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನ ರಂಜಕವನ್ನು ಕೆಲವೇ ದಿನಗಳಲ್ಲಿ ಹೀರಿ ಮುಗಿಸುತ್ತದೆ. ಅಲ್ಲಿಂದಾಚೆ, ಬೆರಳಿನ ಅಗಲದಷ್ಟು ದೂರದಲ್ಲಿ, ಬೇಕಾದಷ್ಟಿದ್ದರೂ ಅದು ಈ ಬೇರಿಗಿಲ್ಲ. ಚಳಿಗಾಲದಲ್ಲಿ ನೇರಳೆ ಹೆಚ್ಚು ಕಾಣುವುದೂ ಇದರಿಂದಲೇ. ಮಣ್ಣಿನ ರಂಜಕ ಚಳಿಗೆ ಖಾಲಿಯಾಗುವುದಿಲ್ಲ, ತಣ್ಣಗಾದ ಮಣ್ಣಿನಲ್ಲಿ ಬೇರಿನ ಬೆಳವಣಿಗೆ ನಿಧಾನವಾಗುತ್ತದೆ. ಬಿಸಿಲೇರಿ ಬೇರು ಚುರುಕಾದೊಡನೆ ಅದೇ ಗಿಡ, ಹೊಸ ಗೊಬ್ಬರವೇನೂ ಇಲ್ಲದೆ, ಹಸಿರಾಗುವುದನ್ನು ಬೆಳೆಗಾರರು ನೋಡಿಯೇ ಇರುತ್ತಾರೆ. ಬೇರಿಗೆ ನಿಲುಕುವ ಮಣ್ಣು ಕಡಿಮೆಯಾಗಿದ್ದೇ ಅಲ್ಲಿನ ಕೊರತೆ.

ಬಿಳಿ ತಟ್ಟೆಯ ಮೇಲಿನ ತಿಳಿ ಉಂಗುರ

ಹಿಡಿದಿಟ್ಟ ರಂಜಕವನ್ನು ಬಿಡಿಸುವ ಬ್ಯಾಕ್ಟೀರಿಯಾ ಇವೆ ಎಂಬುದು ಹಳೆಯ ಸಂಗತಿ. ಅದನ್ನು ಕಣ್ಣಾರೆ ತೋರಿಸುವ ಸುಲಭ ಪರೀಕ್ಷೆಯೊಂದು 1948ರಲ್ಲಿ ಪಿಕೊವ್‌ಸ್ಕಾಯಾ ಎಂಬ ಸೋವಿಯತ್ ವಿಜ್ಞಾನಿಯಿಂದ ಬಂತು. ನೀರಿನಲ್ಲಿ ಕರಗದ ಕ್ಯಾಲ್ಸಿಯಂ ರಂಜಕವನ್ನು ಬೆರೆಸಿದ ಅಗರ್ ಜೆಲ್ಲಿ ಹಾಲಿನ ಹಾಗೆ ಬಿಳುಪಾಗಿರುತ್ತದೆ. ಅದನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಮಧ್ಯೆ ಬ್ಯಾಕ್ಟೀರಿಯಾದ ಚುಕ್ಕೆಯೊಂದನ್ನಿಟ್ಟು ಕೆಲವು ದಿನ ಬಿಡುತ್ತಾರೆ. ಆ ಬ್ಯಾಕ್ಟೀರಿಯಾ ಹುಳಿ ಪದಾರ್ಥಗಳನ್ನು ಹೊರಬಿಟ್ಟು ರಂಜಕವನ್ನು ಕರಗಿಸುವಂಥದ್ದಾದರೆ ಚುಕ್ಕೆಯ ಸುತ್ತ ಬಿಳುಪು ಅಳಿದು ಗಾಜು ಕಾಣುವಷ್ಟು ತಿಳಿಯಾದ ಉಂಗುರ ಮೂಡುತ್ತದೆ. ಇಂದಿಗೂ ‘ರಂಜಕ ಕರಗಿಸುವ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬ್ಯಾಕ್ಟೀರಿಯಾಗಳನ್ನು ಮೊದಲು ಆರಿಸಿಕೊಳ್ಳುವುದು ಬಹುತೇಕ ಹೀಗೆಯೇ.

ಆದರೆ ತಟ್ಟೆಯಲ್ಲಿ ನಡೆದದ್ದು ಹೊಲದಲ್ಲಿ ಅಷ್ಟೇ ನಡೆಯುತ್ತದೆ ಎಂದು ಹೇಳಲಾಗದು. ಬ್ಯಾಸಿಲಸ್ ಮೆಗಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ತಯಾರಿಸಿದ ಫಾಸ್ಫೋಬ್ಯಾಕ್ಟೆರಿನ್ ಸೋವಿಯತ್ ಒಕ್ಕೂಟದಲ್ಲಿ ಲಕ್ಷಾಂತರ ಹೆಕ್ಟೇರಿಗೆ ಹೋಯಿತು, ಇಳುವರಿ ಏರಿತೆಂಬ ವರದಿಗಳೂ ಬಂದವು. ಅದನ್ನೇ ಅಮೆರಿಕದಲ್ಲಿ ಪರೀಕ್ಷೆಗೆ ಹಚ್ಚಿದಾಗ ಅಂಥ ಫಲ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ತಟ್ಟೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಧಾರಾಳವಾಗಿ ಸಿಗುತ್ತದೆ, ಸಕ್ಕರೆ ಇದ್ದರೆ ತಾನೇ ಹುಳಿ. ಹೊಲದ ಮಣ್ಣಿನಲ್ಲಿ ಅದಕ್ಕೆ ಹೊಟ್ಟೆಗೇ ಇರುವುದಿಲ್ಲ. ಬಿಟ್ಟ ಅಷ್ಟಿಷ್ಟು ಹುಳಿಯನ್ನೂ ಮಣ್ಣು ತನ್ನೊಳಗೆ ಅಡಗಿಸಿಕೊಂಡುಬಿಡುತ್ತದೆ. ಅಲ್ಲದೆ ತಟ್ಟೆಯಲ್ಲಿರುವುದು ಕ್ಯಾಲ್ಸಿಯಂ ಹಿಡಿದ ರಂಜಕ, ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವುದು ಕಬ್ಬಿಣ ಹಿಡಿದದ್ದು. ಅದನ್ನು ಬಿಡಿಸುವುದು ಇನ್ನೂ ಕಷ್ಟ. ರಂಜಕ ಕರಗುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಬೇರಿನ ಮೈಗೆ ಅಂಟಿದಂತೆ, ಬೇರು ಸುರಿಸುವ ಸಕ್ಕರೆ ಸಿಗುವ ಜಾಗದಲ್ಲಿ, ಅಷ್ಟೋ ಇಷ್ಟೋ ಕರಗುತ್ತದೆ. ಆದರೆ ಹೊಲದಲ್ಲಿ ಒಮ್ಮೊಮ್ಮೆ ಕಾಣುವ ದೊಡ್ಡ ವ್ಯತ್ಯಾಸವನ್ನು ಬರೀ ಅದರಿಂದ ವಿವರಿಸಲಾಗದು.

ಸಾರಜನಕಕ್ಕೆಂದು ತಂದದ್ದು, ಮಾಡಿದ್ದು ಬೇರೆ

ಅಜೋಸ್ಪೈರಿಲಮ್ ಕಥೆ ಇನ್ನೂ ಸ್ಪಷ್ಟ. 1970ರ ದಶಕದಲ್ಲಿ ಬ್ರೆಜಿಲ್‌ನ ಯೊಹಾನಾ ಡೋಬರೈನರ್ ಹುಲ್ಲಿನ ಜಾತಿಯ ಬೆಳೆಗಳ ಬೇರಿನಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿ ಲೋಕದ ಗಮನ ಸೆಳೆದರು. ಇದು ಗಾಳಿಯ ಸಾರಜನಕವನ್ನು ಹಿಡಿಯಬಲ್ಲದು. ಶೇಂಗಾ, ಅವರೆ, ತೊಗರಿಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಮಾಡುವ ಕೆಲಸವನ್ನು ಉಳಿದ ಬೆಳೆಗಳಿಗೆ ಇದು ಮಾಡಿಕೊಡುತ್ತದೆ ಎಂಬ ಆಸೆ ಹುಟ್ಟಿತು. ಶೇಂಗಾ ಗಿಡ ಕಿತ್ತು ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಆ ಕೆಂಪು ಇದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಟೊಮೆಟೊ, ಕೋಸು, ದಪ್ಪಮೆಣಸಿನಕಾಯಿಗಳಲ್ಲಿ ಅಂಥ ಗಂಟೇ ಇಲ್ಲ. ಗಂಟಿನೊಳಗೆ ಗಿಡವೇ ನೇರವಾಗಿ ಉಣಿಸುವುದರಿಂದ ರೈಜೋಬಿಯಂ ಅಷ್ಟೊಂದು ದುಡಿಯುತ್ತದೆ. ಹೊರಗೆ ಬೇರಿನ ಮೇಲೆ ಅಲೆದಾಡಿಕೊಂಡಿರುವ ಬ್ಯಾಕ್ಟೀರಿಯಾ ಹಿಡಿಯುವ ಸಾರಜನಕ ಎಕರೆಗೆ ಕೆಲವೇ ಕೆಜಿ. ಒಂದು ಟನ್ ಟೊಮೆಟೊ ಹಣ್ಣು ಬರಬೇಕಾದರೆ ಬೆಳೆಗೆ ಎರಡು ಮೂರು ಕೆಜಿ ಸಾರಜನಕ ಬೇಕಾಗುತ್ತದೆ. ಎಕರೆಗೆ 30 ಟನ್ ನಿರೀಕ್ಷಿಸುವವರು ಲೆಕ್ಕ ಹಾಕಿಕೊಂಡರೆ ಸಾಕು.

ಹಾಗಿದ್ದೂ ಅಜೋಸ್ಪೈರಿಲಮ್‌ನಿಂದ ಬೆಳೆ ಚೆನ್ನಾಗಿ ಬಂದದ್ದುಂಟು. ಇಸ್ರೇಲಿನ ಯಾಕೊವ್ ಓಕಾನ್ ಮತ್ತು ಉರುಗ್ವೆಯ ಕಾರ್ಲೋಸ್ ಲಾಬಾಂಡೆರಾ ಅವರು ಲೋಕದ ಹಲವೆಡೆ 20 ವರ್ಷಗಳಲ್ಲಿ ನಡೆದ ಹೊಲದ ಪ್ರಯೋಗಗಳನ್ನು 1994ರಲ್ಲಿ ಒಟ್ಟಿಗೆ ತೂಗಿ ನೋಡಿದರು. ನೂರರಲ್ಲಿ 60–70 ಪ್ರಯೋಗಗಳಲ್ಲಿ ಇಳುವರಿ ಏರಿತ್ತು. ಏರಿಕೆ ಶೇ 5ರಿಂದ 30. ಸಾರಜನಕ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡ ತಳಿಗಳನ್ನು ಪ್ರಯೋಗಾಲಯದಲ್ಲಿ ಮಾಡಿ ಹಚ್ಚಿದಾಗಲೂ ಬೇರು ಚೆನ್ನಾಗಿಯೇ ಬೆಳೆಯಿತು. ಅಲ್ಲಿಗೆ ಗುಟ್ಟು ಸಾರಜನಕದಲ್ಲಿಲ್ಲ ಎಂದಾಯಿತು. ಗಿಡ ತನ್ನ ಬೇರು ಕವಲೊಡೆಯಲು ತಾನೇ ತಯಾರಿಸಿಕೊಳ್ಳುವ ಆಕ್ಸಿನ್ ಎಂಬ ಚೋದಕವಿದೆ. ಬೇರು ಸುರಿಸುವ ರಸದಿಂದ ಈ ಬ್ಯಾಕ್ಟೀರಿಯಾ ಕೂಡ ಅದೇ ಆಕ್ಸಿನ್ ತಯಾರಿಸುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಪ್ಯಾಟನ್ ಮತ್ತು ಬರ್ನಾರ್ಡ್ ಗ್ಲಿಕ್ 2002ರಲ್ಲಿ ಇದನ್ನು ಸೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ನೇರವಾಗಿ ಪರೀಕ್ಷಿಸಿದರು. ಒಂದೇ ಬ್ಯಾಕ್ಟೀರಿಯಾದ ಎರಡು ರೂಪ: ಒಂದು ಎಂದಿನಂತೆ ಆಕ್ಸಿನ್ ತಯಾರಿಸುತ್ತದೆ, ಇನ್ನೊಂದರಲ್ಲಿ ಆ ಶಕ್ತಿ ಕುಂದಿಸಲಾಗಿದೆ. ಸಾಸಿವೆ ಜಾತಿಯ ಕನೋಲಾ ಬೀಜಕ್ಕೆ ಎರಡನ್ನೂ ಬೇರೆಬೇರೆಯಾಗಿ ಹಚ್ಚಿ ಮೊಳಕೆ ಬರಿಸಿದಾಗ, ಮೊದಲನೆಯದು ಹಚ್ಚಿದ ಬೀಜದ ಬೇರು ಎರಡನೆಯದು ಹಚ್ಚಿದ ಬೀಜದ ಬೇರಿಗಿಂತ ಶೇ 35ರಿಂದ 50ರಷ್ಟು ಹೆಚ್ಚು ಉದ್ದವಾಗಿತ್ತು. ಉಳಿದೆಲ್ಲ ಒಂದೇ, ಬೇರೆಯಾಗಿದ್ದು ಆಕ್ಸಿನ್ ಮಾತ್ರ. ಇಷ್ಟು ನೇರವಾದ ಪುರಾವೆ ಕೃಷಿ ವಿಜ್ಞಾನದಲ್ಲಿ ದಿನವೂ ಸಿಗುವಂಥದ್ದಲ್ಲ.

ಮಾವು ಮಾಗಿಸುವ ಅನಿಲವೇ ಬೇರನ್ನೂ ತಡೆಯುತ್ತದೆ

ಚಿಂತಾಮಣಿ, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಕಾಯಿ ಮಾಗಿಸುವವರಿಗೆ ಎಥಿಲೀನ್ ಗೊತ್ತು. ಹಣ್ಣು ಮಾಗಲು ಗಿಡವೇ ಹೊರಬಿಡುವ ಅನಿಲ ಅದು. ಇದೇ ಅನಿಲ ಎಳೆಯ ಬೇರಿನಲ್ಲಿ ಹೆಚ್ಚಾದರೆ ಬೇರು ಉದ್ದವಾಗುವುದು ನಿಲ್ಲುತ್ತದೆ. ನೀರು ಸಾಲದಾಗ, ನೀರು ನಿಂತಾಗ, ಉಪ್ಪು ಹೆಚ್ಚಾದಾಗ, ಟ್ರೇಯಿಂದ ಕಿತ್ತು ನಾಟಿ ಮಾಡುವಾಗ ಬೇರು ನೊಂದಾಗ ಗಿಡ ಎಥಿಲೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಕಷ್ಟ ಬಂದಾಗ ಬೆಳವಣಿಗೆ ತಡೆಹಿಡಿಯುವುದು ಗಿಡದ ಎಚ್ಚರಿಕೆಯ ಕ್ರಮ. ಆದರೆ ತೊಂದರೆ ಎರಡೇ ದಿನದ್ದಾಗಿದ್ದು, ಬೆಳವಣಿಗೆ ಎರಡು ವಾರ ನಿಂತರೆ ಬೆಳೆಗಾರನಿಗೆ ನಷ್ಟ. ನಾಟಿಯಾದ ಸಸಿ ಹತ್ತು ದಿನ ಮುದುಡಿ ನಿಲ್ಲುವುದರ ಹಿಂದೆ ಇದೂ ಇದೆ.

ಗಿಡ ಎಥಿಲೀನ್ ತಯಾರಿಸಲು ಬಳಸುವ ಕಚ್ಚಾ ಪದಾರ್ಥದಲ್ಲಿ ಸ್ವಲ್ಪ ಬೇರಿನಿಂದ ಹೊರಕ್ಕೆ ಜಿನುಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಒಡೆದು ತಮ್ಮ ಆಹಾರ ಮಾಡಿಕೊಳ್ಳುತ್ತವೆ. ಹೊರಗೆ ಖಾಲಿಯಾದಷ್ಟೂ ಒಳಗಿನಿಂದ ಇನ್ನಷ್ಟು ಜಿನುಗುತ್ತದೆ. ಒಳಗೆ ಕಚ್ಚಾ ಪದಾರ್ಥ ಇಳಿದಂತೆ ಎಥಿಲೀನೂ ಇಳಿಯುತ್ತದೆ, ಬೇರು ಮತ್ತೆ ಬೆಳೆಯುತ್ತದೆ. ಗ್ಲಿಕ್ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟ ಈ ವಿವರಣೆಗೆ ತರಕಾರಿ ಬೆಳೆಯಲ್ಲೇ ಪುರಾವೆ ಸಿಕ್ಕಿತು. ಇಸ್ರೇಲಿನ ದಕ್ಷಿಣದ ಅರಾವಾ ಎಂಬ ಒಣ ಕಣಿವೆಯ ಮಣ್ಣಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಟೊಮೆಟೊ ಮತ್ತು ಮೆಣಸಿನ ಸಸಿಗಳಿಗೆ ಸೇರಿಸಿ, ಕೆಲವು ದಿನ ನೀರು ನಿಲ್ಲಿಸಿ ನೋಡಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಇದ್ದ ಸಸಿಗಳ ತೂಕ ಇಲ್ಲದವುಗಳಿಗಿಂತ ಹೆಚ್ಚಿತ್ತು, ಎಥಿಲೀನ್ ಕಡಿಮೆಯಿತ್ತು. ಗಮನಿಸಬೇಕಾದದ್ದೆಂದರೆ, ನೀರಿಲ್ಲದ ದಿನಗಳಲ್ಲಿ ಎಲೆಯ ನೀರಿನಂಶ ಎರಡರಲ್ಲೂ ಒಂದೇ ರೀತಿ ಇಳಿದಿತ್ತು. ಬ್ಯಾಕ್ಟೀರಿಯಾ ನೀರನ್ನೇನೂ ತಂದುಕೊಡಲಿಲ್ಲ. ಮತ್ತೆ ನೀರು ಬಿಟ್ಟಾಗ ಆ ಸಸಿಗಳು ಬೇಗ ಚೇತರಿಸಿಕೊಂಡವು. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ, ಕರೆಂಟು ಇದ್ದ ಹೊತ್ತಿನಲ್ಲಿ ಡ್ರಿಪ್‌ಗೆ ನೀರು ಬಿಡುವ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಳೆಗಾರರಿಗೆ ಈ ಪ್ರಯೋಗ ತೀರ ಹತ್ತಿರದ್ದು.

ಈಗ ಎಲ್ಲ ಒಂದು ಕಡೆ ಸೇರುತ್ತದೆ. ಆಕ್ಸಿನ್ ಬೇರನ್ನು ಕವಲೊಡೆಸುತ್ತದೆ, ಎಥಿಲೀನ್ ಇಳಿದರೆ ಬೇರು ನಿಲ್ಲದೆ ಸಾಗುತ್ತದೆ. ಬೇರು ಹೆಚ್ಚು ಮಣ್ಣನ್ನು ಮುಟ್ಟಿದಷ್ಟೂ ಬಿದ್ದಲ್ಲೇ ಬಿದ್ದಿದ್ದ ಹಳೆಯ ರಂಜಕ ಗಿಡಕ್ಕೆ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಕೆಲಸ ಮಾಡಿದ ಬೇರುಶಿಲೀಂಧ್ರಗಳೂ ಇದನ್ನೇ ಇನ್ನೊಂದು ದಾರಿಯಲ್ಲಿ ಸಾಧಿಸುತ್ತವೆ. ಬೇರುಗೂದಲು ಮುಟ್ಟದ ದೂರಕ್ಕೆ ತಮ್ಮ ಎಳೆಗಳನ್ನು ಕಳಿಸಿ ರಂಜಕ ತರುತ್ತವೆ.

ಕಾಯಿಸದ ಹಾಲಿಗೆ ಹೆಪ್ಪು

ಇಷ್ಟೆಲ್ಲ ಇದ್ದರೆ ಪುಡಿಯನ್ನು ಹೊಲಕ್ಕೆ ಎರಚಿದ ಎಷ್ಟೋ ಮಂದಿಗೆ ಏನೂ ವ್ಯತ್ಯಾಸ ಕಾಣದಿರುವುದೇಕೆ? ಇದು ಕೇಳಲೇಬೇಕಾದ ಪ್ರಶ್ನೆ, ಬೆಳೆಗಾರರು ಕೇಳುತ್ತಲೂ ಇದ್ದಾರೆ. ಉತ್ತರ ಅಡುಗೆಮನೆಯಲ್ಲಿದೆ. ಮೊಸರಿಗೆ ಹೆಪ್ಪು ಹಾಕುವ ಮೊದಲು ಹಾಲು ಕಾಯಿಸುತ್ತೇವೆ. ಕಾಯಿಸಿದಾಗ ಹಾಲಿನಲ್ಲಿದ್ದ ಬ್ಯಾಕ್ಟೀರಿಯಾಗಳು ಬಹುತೇಕ ಸಾಯುತ್ತವೆ. ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಹಾಕಿದರೆ, ಪೈಪೋಟಿಯಿಲ್ಲದ ಜಾಗದಲ್ಲಿ ಅದರ ಬ್ಯಾಕ್ಟೀರಿಯಾ ಬೆಳಗಾಗುವುದರೊಳಗೆ ಪಾತ್ರೆ ತುಂಬುತ್ತವೆ. ಕಾಯಿಸದ ಹಾಲಿಗೆ ಹಾಕಿದರೆ ಮೊದಲೇ ಇದ್ದವುಗಳ ಜೊತೆ ಗುದ್ದಾಡಬೇಕು, ಮೊಸರು ಆದೀತು, ಆಗದೆಯೂ ಇದ್ದೀತು. ಹೊಲದ ಮಣ್ಣು ಎಂದೂ ಕಾಯಿಸದ ಹಾಲು.

ಲೆಕ್ಕ ಹಾಕಿ ನೋಡೋಣ. ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಜೈವಿಕ ಗೊಬ್ಬರದ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಎಕರೆಗೆ 5 ಕೆಜಿ ಎರಚಿದರೆ ಒಟ್ಟು 25,000 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಹಂಚಿದರೆ ಗ್ರಾಂ ಮಣ್ಣಿಗೆ 300 ಕೂಡ ಬರುವುದಿಲ್ಲ. ಅದೇ ಗ್ರಾಂ ಮಣ್ಣಿನಲ್ಲಿ ಮೊದಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಬರೀ ಒಂದು ಕೋಟಿ ಎಂದು ಹಿಡಿದರೂ, ಆ ಮಣ್ಣಿಗೆ ಒಗ್ಗಿಹೋದ 30 ಸಾವಿರಕ್ಕೂ ಹೆಚ್ಚು ಸ್ಥಳೀಯರ ನಡುವೆ ಹೊಸಬ ಒಬ್ಬ. ಅವನಿಗೆ ಊಟವೂ ಇಲ್ಲ, ಜಾಗವೂ ಇಲ್ಲ.

ಇನ್ನು ನರ್ಸರಿಯ ಟ್ರೇ ನೋಡಿ. 98 ಗುಳಿಗಳ ಒಂದು ಟ್ರೇಗೆ ಸುಮಾರು 1.2 ಕೆಜಿ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪಿಟ್ ಹಿಡಿಯುತ್ತದೆ. ಗುಳಿಗೆ 12 ಗ್ರಾಂ. ಟನ್ ಕೋಕೋಪಿಟ್‌ಗೆ ಒಂದು ಕೆಜಿಯಂತೆ ಬ್ಯಾಕ್ಟೀರಿಯಾ ಪುಡಿ ಬೆರೆಸಿದರೆ ಪ್ರತಿ ಗುಳಿಯಲ್ಲಿ 6 ಲಕ್ಷ ಜೀವಂತ ಬ್ಯಾಕ್ಟೀರಿಯಾ ಕಾದಿರುತ್ತವೆ. ಕೋಕೋಪಿಟ್‌ನಲ್ಲಿ ಹೊಲದ ಮಣ್ಣಿನಲ್ಲಿರುವಷ್ಟು ಸ್ಥಳೀಯರಿಲ್ಲ. ಬೀಜ ಮೊಳೆತು ಮೊದಲ ಬೇರು ಇಳಿದ ಕ್ಷಣದಿಂದಲೇ ಅದು ಸುರಿಸುವ ಸಕ್ಕರೆ, ಅಮೈನೊ ಆಮ್ಲಗಳು ಇವಕ್ಕೇ ಸಿಗುತ್ತವೆ. ಗಿಡ ಎಲೆಯಲ್ಲಿ ತಯಾರಿಸಿದ ಆಹಾರದಲ್ಲಿ ಶೇ 5ರಿಂದ 20ರಷ್ಟನ್ನು ಬೇರಿನ ಮೂಲಕ ಹೊರಗೆ ಸುರಿಸುತ್ತದೆ. ಆ ಊಟಕ್ಕೆ ಮೊದಲು ಕೂತವರಿಗೆ ಬೇರಿನ ಮೈಯ ಒಳ್ಳೆಯ ಜಾಗಗಳು. 25 ದಿನದ ಹೊತ್ತಿಗೆ ಸಸಿಯನ್ನು ಗುಳಿಯಿಂದ ಎತ್ತಿದರೆ ಬೇರು ಕೋಕೋಪಿಟ್ ಉಂಡೆಯನ್ನು ಸುತ್ತ ಬಿಗಿದು ಹಿಡಿದಿರುತ್ತದೆ. ಹೊಲಕ್ಕೆ ಹೋಗುವಾಗ ಬ್ಯಾಕ್ಟೀರಿಯಾ ಆ ಬೇರಿನ ಮೇಲೇ ಕೂತು ಹೋಗುತ್ತವೆ. ಎಕರೆಗೆ 8,000 ಸಸಿ ಎಂದುಕೊಂಡರೆ 82 ಟ್ರೇ, ನೂರು ಕೆಜಿಯೊಳಗೆ ಕೋಕೋಪಿಟ್, ಅದಕ್ಕೆ ಬೇಕಾದ ಪುಡಿ ನೂರು ಗ್ರಾಂ.

1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿ ಬೆಳೆಗಳಿಗೆಂದು ‘ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಎಂಬ ಉತ್ಪನ್ನವನ್ನು ಹೊರತಂದಿದೆ. ಸಾರಜನಕ ಹಿಡಿಯುವ, ರಂಜಕ ಮತ್ತು ಸತುವನ್ನು ಕರಗಿಸುವ, ಬೇರು ಬೆಳೆಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ಒಟ್ಟಿಗಿವೆ. ಸಾರಜನಕ, ರಂಜಕದ ಗೊಬ್ಬರದಲ್ಲಿ ಸುಮಾರು ಕಾಲು ಭಾಗ ಉಳಿಸಬಹುದು, ಇಳುವರಿ ಶೇ 5ರಿಂದ 15 ಏರುತ್ತದೆ ಎಂಬುದು ಸಂಸ್ಥೆಯ ಮಾತು. ಅದನ್ನು ಬೀಜಕ್ಕೂ ಕೋಕೋಪಿಟ್‌ಗೂ ಹೊಲಕ್ಕೂ ಬಳಸಬಹುದೆಂದು ಹೇಳುತ್ತಾರೆ. ಹೊಲಕ್ಕೆ ಹಾಕುವಾಗಲೂ ಬರಿದಾಗಿ ಎರಚದೆ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಕೊಡಲು ಹೇಳುವುದರಲ್ಲಿ ಅರ್ಥವಿದೆ. ಗೊಬ್ಬರ ಅವುಗಳ ಊಟವೂ ಹೌದು, ನೆರಳೂ ಹೌದು. ಆದರೆ ಇವೆಲ್ಲವುಗಳಲ್ಲಿ ಕೋಕೋಪಿಟ್‌ಗೆ ಬೆರೆಸುವುದೇ ಮೊದಲು ಎಂಬುದು ಮೇಲಿನ ಲೆಕ್ಕದಿಂದ ನಾನು ತೆಗೆದುಕೊಳ್ಳುವ ತೀರ್ಮಾನ. ನಮ್ಮಲ್ಲಿ ಈಗ ಬಹುತೇಕ ಟೊಮೆಟೊ, ಕೋಸು, ದಪ್ಪಮೆಣಸಿನಕಾಯಿ ಸಸಿಗಳು ಬರುವುದು ಖಾಸಗಿ ನರ್ಸರಿಗಳಿಂದ. ಆದ್ದರಿಂದ ಈ ಮಾತು ನಡೆಯಬೇಕಾದ ಜಾಗ ಸಸಿಗೆ ಮುಂಗಡ ಕೊಡುವ ನರ್ಸರಿ, ಅದೂ ಬಿತ್ತುವ ಮೊದಲೇ. ತಪ್ಪಿದರೆ, ನಾಟಿಯ ಹಿಂದಿನ ದಿನ ಟ್ರೇಯನ್ನು ಬ್ಯಾಕ್ಟೀರಿಯಾ ಕದಡಿದ ನೀರಿನಲ್ಲಿ ಅದ್ದಿ ತೆಗೆಯುವುದು ಎರಡನೆಯ ದಾರಿ.

ಮಣ್ಣಿನಲ್ಲೇ ಇರುವಾಗ ಕೊಳ್ಳುವುದೇಕೆ?

ಒಳ್ಳೆಯ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲೇ ಇವೆ, ಕೊಂಡು ತರುವುದೇಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. 1904ರಲ್ಲೇ ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ ಬೇರಿನ ಸುತ್ತಲಿನ ತೆಳುವಾದ ಮಣ್ಣಿಗೆ ತನ್ನದೇ ಜೀವಲೋಕವಿದೆ ಎಂದು ತೋರಿಸಿದ್ದರು. ತಿಪ್ಪೆಗೊಬ್ಬರ ಬಿದ್ದು, ಬೆಳೆ ಬದಲಾಗುತ್ತಾ ಬಂದ ಹೊಲದಲ್ಲಿ ಗಿಡ ತನಗೆ ಬೇಕಾದವನ್ನು ತಾನೇ ಕರೆದುಕೊಳ್ಳುತ್ತದೆ. ಅಲ್ಲಿ ಪುಡಿಯಿಂದ ಲಾಭ ಕಡಿಮೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಕೋಕೋಪಿಟ್‌ಗೆ ಈ ಮಾತು ಅನ್ವಯಿಸದು, ಅಲ್ಲಿ ಸ್ಥಳೀಯರೇ ಕಡಿಮೆ. ಹೊಲದ ಮಣ್ಣು ಕಾಣದೆ 25 ದಿನ ಬೆಳೆದ ಸಸಿಗೆ ಆ ಒಡನಾಟ ತಪ್ಪಿಹೋಗಿರುತ್ತದೆ. ಟ್ರೇಯಲ್ಲಿ ಸಸಿ ಬೆಳೆಸುವ ಪದ್ಧತಿ ಬಂದ ಮೇಲೆಯೇ ಇಂಥ ಉತ್ಪನ್ನಗಳಿಗೆ ಹೆಚ್ಚು ಅರ್ಥ ಬಂದಿದೆ.

ಜೀವಾಮೃತ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಎರಡು ದಿನ ಕೊಳೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಖಂಡಿತ ಹೇರಳವಾಗಿರುತ್ತವೆ, ಮಣ್ಣಿನಲ್ಲಿರುವವಕ್ಕೆ ಅದು ಊಟವೂ ಆಗುತ್ತದೆ. ಆದರೆ ಅದರಲ್ಲಿ ಯಾವುವು ಹೆಚ್ಚುತ್ತವೆ ಎಂಬುದು ಸಗಣಿ, ಮಣ್ಣು, ಬಿಸಿಲಿನ ಮೇಲೆ ಪ್ರತಿ ಸಲವೂ ಬದಲಾಗುತ್ತದೆ. ಬೇರಿನಲ್ಲಿ ನಿಲ್ಲುವ ಗುಣ ನೋಡಿ ಆರಿಸಿದ ತಳಿಯ ಕೆಲಸವನ್ನು ಅದರಿಂದ ನಿರೀಕ್ಷಿಸಲಾಗದು. ಹಿಡಿ ಮಣ್ಣನ್ನು ಸೊರಗು ರೋಗ ಬಂದ ಹೊಲದಿಂದ ಎತ್ತಿದರೆ ರೋಗಾಣುವೂ ಜೊತೆಗೆ ಬರುವ ಅಪಾಯವಿದೆ. ತಿಪ್ಪೆಗೊಬ್ಬರ, ಜೀವಾಮೃತ ಹೊಲದ ಜೀವವನ್ನು ಸಾಕುತ್ತವೆ, ಟ್ರೇಯ ಬ್ಯಾಕ್ಟೀರಿಯಾ ಬೇರಿನ ಮೊದಲ ತಿಂಗಳನ್ನು ನೋಡಿಕೊಳ್ಳುತ್ತವೆ. ಒಂದನ್ನೊಂದು ಬದಲಿಸುವ ಮಾತಿಲ್ಲ.

ಬೇರು ಹೆಚ್ಚಿ ಮಣ್ಣಿನ ರಂಜಕವನ್ನು ಹೀರಿದರೆ ಒಂದು ದಿನ ಅದು ಮುಗಿಯುವುದಿಲ್ಲವೇ? ಮುಗಿಯುತ್ತದೆ. ಬ್ಯಾಕ್ಟೀರಿಯಾ ರಂಜಕವನ್ನು ಹುಟ್ಟಿಸುವುದಿಲ್ಲ. ಆದ್ದರಿಂದ ಕಾರ್ಡಿನಲ್ಲಿ ‘ಹೆಚ್ಚು’ ಎಂದು ಬಂದ ಹೊಲದಲ್ಲಿ ಡಿಎಪಿ ಇಳಿಸಬಹುದು, ‘ಕಡಿಮೆ’ ಎಂದು ಬಂದ ಹೊಲದಲ್ಲಿ ಇಳಿಸಬಾರದು. ಸಾರಜನಕವನ್ನಂತೂ ಬೇವಿನ ಹಿಂಡಿಯಿಂದಲೋ ಯೂರಿಯಾದಿಂದಲೋ ಕೊಡಲೇಬೇಕು. ಇನ್ನೊಂದು ತುದಿಯೂ ಇದೆ. ಗೊಬ್ಬರ ಕರಗಿಸಿ ಡ್ರಿಪ್‌ನಲ್ಲಿ ದಿನ ಬಿಟ್ಟು ದಿನ ಬುಡಕ್ಕೇ ಕೊಡುವ ಕಡೆ ಬೇರು ದೂರ ಹೋಗುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಬೇರು ದೊಡ್ಡದಾದರೂ ಇಳುವರಿಯಲ್ಲಿ ಅದು ಕಾಣದಿರಬಹುದು. ಗೊಬ್ಬರ ಇಳಿಸದೆ ಬ್ಯಾಕ್ಟೀರಿಯಾ ಮಾತ್ರ ಸೇರಿಸಿದವರಿಗೆ ಖರ್ಚು ಹೆಚ್ಚಿದ್ದೊಂದೇ ಕಾಣುವುದು ಹೀಗೆ.

ಪೊಟ್ಟಣದೊಳಗೆ ಜೀವವಿರಬೇಕು

ಯೂರಿಯಾ ಮೂಟೆ ಗೋದಾಮಿನಲ್ಲಿ ವರ್ಷ ಕೂತರೂ ಯೂರಿಯಾವೇ. ಬ್ಯಾಕ್ಟೀರಿಯಾ ಪುಡಿ ಹಾಗಲ್ಲ. 2006ರಲ್ಲಿ ಜೈವಿಕ ಗೊಬ್ಬರಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಾಗ ಎಷ್ಟು ಜೀವಂತ ಕೋಶಗಳಿರಬೇಕೆಂಬ ಮಾನದಂಡ ಬಂತು. ಈಗಿನ ಪ್ರಕಾರ ಪುಡಿಯಲ್ಲಿ ಗ್ರಾಂಗೆ 5 ಕೋಟಿ, ದ್ರವದಲ್ಲಿ ಮಿಲಿಲೀಟರಿಗೆ 10 ಕೋಟಿ. ತಯಾರಾದ ತಾರೀಖು, ಮುಗಿಯುವ ತಾರೀಖು, ಬ್ಯಾಕ್ಟೀರಿಯಾದ ಹೆಸರು ಇಲ್ಲದ ಬಾಟಲಿಯನ್ನು ಕೊಳ್ಳಬಾರದು. ತಗಡಿನ ಶೀಟಿನ ಅಂಗಡಿಯಲ್ಲಿ ಏಪ್ರಿಲ್ ಬಿಸಿಲಿಗೆ ಬೆಂದ ಪೊಟ್ಟಣದಲ್ಲಿ ತಾರೀಖು ಸರಿಯಿದ್ದರೂ ಜೀವ ಉಳಿದಿರುವ ಖಾತ್ರಿಯಿಲ್ಲ. ಬ್ಯಾಸಿಲಸ್ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕವಾಗಿ ಮಲಗಿಬಿಡುತ್ತವೆ, ಬಿಸಿಯನ್ನೂ ಒಣಹವೆಯನ್ನೂ ತಾಳಿಕೊಳ್ಳುತ್ತವೆ. ಸೂಡೊಮೊನಾಸ್, ಅಜೋಸ್ಪೈರಿಲಮ್‌ಗೆ ಆ ಶಕ್ತಿಯಿಲ್ಲ. ದೂರದ ಊರಿಗೆ, ಬೇಸಿಗೆಯಲ್ಲಿ ಒಯ್ಯುವುದಿದ್ದರೆ ಈ ಭೇದ ತಿಳಿದಿರುವುದು ಒಳ್ಳೆಯದು.

ಜೀವಂತ ತಂದದ್ದನ್ನು ಕೈಯಾರೆ ಕೊಲ್ಲುವುದೂ ನಡೆಯುತ್ತದೆ. ನಾಟಿಯಾದ ವಾರಕ್ಕೆ ಬುಡಕ್ಕೆ ತಾಮ್ರದ ಔಷಧಿಯೊಂದಿಗೆ ಸ್ಟ್ರೆಪ್ಟೋಸೈಕ್ಲಿನ್ ಸುರಿಯುವ ಅಭ್ಯಾಸ ಹಲವೆಡೆ ಇದೆ. ಸ್ಟ್ರೆಪ್ಟೋಸೈಕ್ಲಿನ್ ಬ್ಯಾಕ್ಟೀರಿಯಾ ಕೊಲ್ಲಲೆಂದೇ ಇರುವ ಔಷಧಿ, ಅದು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಡ್ರಿಪ್ ಪೈಪು ತೊಳೆಯಲು ಆಸಿಡ್ ಬಿಟ್ಟ ದಿನವೇ ಬ್ಯಾಕ್ಟೀರಿಯಾ ಬಿಡುವುದು, ಗೊಬ್ಬರ ಕರಗಿಸಿದ ಗಟ್ಟಿ ದ್ರಾವಣದ ಡ್ರಮ್ಮಿಗೇ ಸುರಿಯುವುದು, ಇವೂ ಅದೇ ಸಾಲಿನವು. ಹಲವು ಹೈಬ್ರಿಡ್ ಬೀಜಗಳಿಗೆ ಕಂಪನಿಯವರು ಮೊದಲೇ ಬಣ್ಣದ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಅಂಥ ಬೀಜಕ್ಕೆ ಪುಡಿ ಹಚ್ಚುವುದಕ್ಕಿಂತ ಕೋಕೋಪಿಟ್‌ಗೆ ಬೆರೆಸುವುದು ಮೇಲು.

ಸೊರಗು ರೋಗದ ವಿಷಯದಲ್ಲಿ ಭರವಸೆಗಳು ಸತ್ಯಕ್ಕಿಂತ ಮುಂದೆ ಓಡುತ್ತಿವೆ. ಎಲೆ ಹಸಿರಾಗಿರುವಾಗಲೇ ಗಿಡ ಇದ್ದಕ್ಕಿದ್ದಂತೆ ಬಾಡಿದರೆ, ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ನೀರು ಸಾಗಿಸುವ ನಾಳಗಳಲ್ಲಿ ತುಂಬಿಕೊಂಡಿರುವುದನ್ನು ಬೇರಿನ ಹೊರಗೆ ಸುರಿದ ಯಾವ ಬ್ಯಾಕ್ಟೀರಿಯಾವೂ ಹೊರಹಾಕಲಾರದು. ಆ ಗಿಡ ಕಿತ್ತು ಹೊಲದಿಂದ ಹೊರಗೆ ಸಾಗಿಸುವುದೇ ಸರಿ. ಆದರೆ ರಾಲ್‌ಸ್ಟೋನಿಯಾ ಒಳನುಗ್ಗುವುದು ಬೇರಿನ ಗಾಯಗಳಿಂದ, ಪಕ್ಕಬೇರು ಹೊರಬರುವ ಬಿರುಕುಗಳಿಂದ. ಆ ಜಾಗಗಳಲ್ಲಿ ಬೇರೆಯವರು ಮೊದಲೇ ಕೂತಿದ್ದರೆ ಅದಕ್ಕೆ ದಾರಿ ಕಷ್ಟವಾಗುತ್ತದೆ. ಇಲ್ಲೂ ಲಾಭವಿರುವುದು ಮೊದಲು ಸೇರಿದ್ದರೆ ಮಾತ್ರ. ರೋಗ ಪದೇ ಪದೇ ಬರುವ ಹೊಲಕ್ಕೆ ಹೆಸರಘಟ್ಟದ ಸಂಸ್ಥೆಯ ಅರ್ಕ ರಕ್ಷಕ್‌ನಂಥ ರೋಗನಿರೋಧಕ ತಳಿಯೇ ಮೊದಲ ಆಸರೆ, ಬ್ಯಾಕ್ಟೀರಿಯಾ ಅದರ ಜೊತೆಗೆ.

ಹೊಲದಲ್ಲೇ ನೋಡುವ ಬಗೆ

ಓಕಾನ್ ಮತ್ತು ಲಾಬಾಂಡೆರಾ ಕಂಡಂತೆ ನೂರರಲ್ಲಿ ಮೂವತ್ತು ನಲವತ್ತು ಕಡೆ ಫಲ ಕಾಣದು ಎಂದ ಮೇಲೆ, ತಮ್ಮ ಹೊಲ ಯಾವ ಗುಂಪಿನದು ಎಂಬುದನ್ನು ಬೆಳೆಗಾರರೇ ನೋಡಿಕೊಳ್ಳಬೇಕು. ಅದಕ್ಕೆ ಪ್ರಯೋಗಾಲಯ ಬೇಡ. ಒಂದೇ ಬೀಜದ ಪೊಟ್ಟಣದಿಂದ, ಒಂದೇ ದಿನ, ಅರ್ಧ ಟ್ರೇಗಳನ್ನು ಬ್ಯಾಕ್ಟೀರಿಯಾ ಬೆರೆಸಿದ ಕೋಕೋಪಿಟ್‌ನಲ್ಲೂ ಅರ್ಧವನ್ನು ಬೆರೆಸದ್ದರಲ್ಲೂ ಬಿತ್ತಿಸಬೇಕು. ನಾಟಿಯ ದಿನ ಎರಡರಿಂದಲೂ ಹತ್ತು ಹತ್ತು ಸಸಿ, ಚೆನ್ನಾಗಿರುವುದನ್ನು ಆರಿಸದೆ ಕೈಗೆ ಸಿಕ್ಕ ಹಾಗೆ ತೆಗೆದು, ಬಕೆಟ್ ನೀರಿನಲ್ಲಿ ಬೇರು ಅಲುಗಿಸಿ ತೊಳೆದು ಪಕ್ಕಪಕ್ಕ ಹರವಿದರೆ ಪಕ್ಕಬೇರುಗಳ ವ್ಯತ್ಯಾಸ ಇದ್ದರೆ ಅಲ್ಲೇ ತಿಳಿಯುತ್ತದೆ. ಹೊಲದಲ್ಲಿ ಅರ್ಧ ಈ ಕಡೆ ಅರ್ಧ ಆ ಕಡೆ ಎಂದು ನೆಡುವುದು ಸರಿಯಲ್ಲ, ಒಂದು ಕಡೆಯ ಮಣ್ಣೇ ಚೆನ್ನಾಗಿರಬಹುದು. ಎರಡು ಸಾಲು ಇದು, ಎರಡು ಸಾಲು ಅದು ಎಂದು ಬದಲಿಸುತ್ತಾ ನೆಟ್ಟು, ಡಿಎಪಿಯನ್ನು ಎರಡಕ್ಕೂ ಒಂದೇ ಅಳತೆಯಲ್ಲಿ, ಮಣ್ಣು ಪರೀಕ್ಷೆ ಹೇಳಿದಷ್ಟು ಇಳಿಸಿ ಕೊಡಬೇಕು. ಎಷ್ಟು ಇಳಿಸಬೇಕೆಂಬುದಕ್ಕೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವಿದೆ. ಕೊಯ್ಲಿನಲ್ಲಿ ಎರಡೂ ಬಗೆಯ ಸಾಲುಗಳ ಹಣ್ಣನ್ನು ಬೇರೆ ಬೇರೆ ತುಂಬಿಸಿ, ಮಾರುಕಟ್ಟೆಗೆ ಹೋಗುವ 15 ಕೆಜಿ ಬಾಕ್ಸ್‌ಗಳ ಲೆಕ್ಕ ಮೊದಲ ಕೊಯ್ಲಿನಿಂದ ಕೊನೆಯವರೆಗೆ ಬರೆದಿಡಬೇಕು. ಮೊದಲ ಮೂರು ಕೊಯ್ಲಿನ ಲೆಕ್ಕವನ್ನು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು. ಬೇರು ಬೇಗ ಹಿಡಿದ ಗಿಡ ಬೇಗ ಕಾಯಿಗೆ ಬರುತ್ತದೆ, ವ್ಯತ್ಯಾಸ ಕಾಣುವುದಿದ್ದರೆ ಮೊದಲು ಕಾಣುವುದು ಅಲ್ಲೇ.